ಬನ್ನಿ ಕೊಟ್ಟ ಮೇಲಿನ ಚಳಿಗಾಲ

ಆ ವಿಜಯದಶಮಿಯ ಸಂಜೆ, ಬೀದಿದೀಪ ಹತ್ತಿದ್ದರೂ ಆಕಾಶದಲ್ಲಿ ಇನ್ನೂ ಬೆಳಕು ಉಳಿದಿದ್ದ ಹೊತ್ತಿನಲ್ಲಿ, ನಾನು ಜಮಖಂಡಿಯ ನಮ್ಮ ಹಳೆಯ ಓಣಿಯಲ್ಲಿ ಹಣಮಂತ ದೇವರ ಗುಡಿಯ ಕಟ್ಟೆಯ ಕೆಳಗೆ, ನಳದ ಎಡಕ್ಕೆ ನಿಂತಿದ್ದೆ. ನನ್ನ ಬಲಗಡೆ ಹೆಂಡತಿ ಮಹಾದೇವಿ ಇದ್ದಳು. ನನಗೂ ಕಟ್ಟೆಗೂ ನಡುವೆ ಯಾರೂ ಅಡ್ಡ ಇರಲಿಲ್ಲ. ಕಟ್ಟೆಯ ಮೇಲೆ ನಿಂತವರ ಪಾದಗಳು ನನ್ನ ಎದೆಯ ಮಟ್ಟಕ್ಕೆ ಬರುತ್ತಿದ್ದವು. ಹಾಗಾಗಿ ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ, ಕಂಡು ಹೇಳುತ್ತಿದ್ದೇನೆ.

ಹೋದ ತಿಂಗಳು ಅದೇ ಜಾಗದಲ್ಲಿ ಮತ್ತೆ ನಿಲ್ಲಬೇಕಾಯಿತು. ನಾನು ಭೂಮಾಪನ ಇಲಾಖೆಯ ನೌಕರ, ಜನ ‘ಸರ್ವೇದವರು’ ಅನ್ನುತ್ತಾರೆ. ಆ ಓಣಿಯ ರಸ್ತೆ ಅಗಲ ಮಾಡುವುದಿದೆ. ಕಟ್ಟೆಯ ಎಷ್ಟು ಭಾಗ ಒಡೆಯಬೇಕಾಗುತ್ತದೆ ಎಂದು ಅಳೆಯಲು ನಮ್ಮನ್ನು ಕಳಿಸಿದ್ದರು. ಟೇಪಿನ ಒಂದು ತುದಿ ಹಿಡಿದು ನಳದ ಪಕ್ಕ ನಿಂತೆ. ಇನ್ನೊಂದು ತುದಿಯಲ್ಲಿದ್ದ ಸಹೋದ್ಯೋಗಿ, ಬಿಗಿ ಹಿಡೀರಿ ಸರ, ಬಿಗಿ ಹಿಡೀರಿ ಎಂದು ಮತ್ತೆ ಮತ್ತೆ ಕೂಗುತ್ತಿದ್ದ. ಟೇಪು ನನ್ನ ಕೈಯಲ್ಲಿ ಸಡಿಲಾಗಿಬಿಟ್ಟಿತ್ತು. ಆವತ್ತಿನ ಅಳತೆಯನ್ನು ಮರುದಿನ ಇನ್ನೊಬ್ಬರು ಹೋಗಿ ಮುಗಿಸಿದರು.

ಭಾಗ್ಯಾ ನನ್ನ ಅಕ್ಕ ಶಾರದಾಳ ಮಗಳು. ಅಕ್ಕನನ್ನು ಬನಹಟ್ಟಿಗೆ ಕೊಟ್ಟಿದ್ದೇವೆ. ಅವಳ ಗಂಡ ಬಸವರಾಜ ನೇಕಾರ. ಮನೆಯ ಮುಂದಿನ ಪಡಸಾಲೆಯೇ ಕಾರ್ಖಾನೆ, ಅಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಬೆಳಿಗ್ಗೆ ಅವು ಶುರುವಾದರೆ ಆ ಮನೆಯಲ್ಲಿ ಉಪ್ಪು ಕೊಡು ಅನ್ನಬೇಕಾದರೂ ಕೂಗಬೇಕು. ಹೊರಗಿನಿಂದ ಹೋದ ನಮಗೆ ಸ್ವಲ್ಪ ಹೊತ್ತಿಗೇ ತಲೆ ಭಾರವಾಗುತ್ತದೆ. ಭಾಗ್ಯಾ ಹುಟ್ಟಿದ್ದು, ಅಂಬೆಗಾಲಿಟ್ಟದ್ದು, ಮಾತು ಕಲಿತದ್ದು ಆ ಸದ್ದಿನ ನಡುವೆ. ಅವಳ ದನಿ ಹಾಗೇ ಬೆಳೆದಿತ್ತು. ಎಲ್ಲಕ್ಕಿಂತ ಒಳಗಿನ ಮಗ್ಗದ ಮುಂದೆ ನಿಂತ ಅಪ್ಪನಿಗೆ ಬಾಗಿಲಲ್ಲೇ ನಿಂತು, ಅಪ್ಪಾ, ಉಣ್ಣಾಕ ಬಾ ಅಂದರೆ ಅವನಿಗೆ ಕೇಳುತ್ತಿತ್ತು. ಮನೆಯಲ್ಲಿ ಉಳಿದ ಯಾರು ಕರೆದರೂ ಕೇಳುತ್ತಿರಲಿಲ್ಲ. ನನ್ನ ಮಗಳಿದ್ದರ ನಮಗ ಫೋನ್ ಯಾಕ ಬೇಕು ಎಂದು ಬಸವರಾಜ ನಗುತ್ತಿದ್ದ.

ಕೊರೊನಾ ಮುಗಿದು ಶಾಲೆಗಳು ಸರಿಯಾಗಿ ತೆರೆದ ಮೇಲೆ ಅಕ್ಕ ಅವಳನ್ನು ಏಳನೆಯ ತರಗತಿಗೆ ನಮ್ಮ ಮನೆಗೆ ಕಳಿಸಿದಳು. ಜಮಖಂಡಿಯಲ್ಲಿ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆ. ಅದರ ಹೆಸರು ಇಲ್ಲಿ ಬೇಕಿಲ್ಲ. ಗದ್ದಲದಿಂದ ದೂರ ಕೂತು ಮಗಳು ಓದಲಿ ಎಂಬುದು ಅಕ್ಕನ ಆಸೆ. ಶಾಲೆಯ ವ್ಯಾನು ಓಣಿಯ ತುದಿಗೆ ಬಂದು ನಿಲ್ಲುತ್ತಿತ್ತು. ತೊಂದರೆ ಶುರುವಾದದ್ದು ಆ ವ್ಯಾನಿನೊಳಗೆ.

ಭಾಗ್ಯಾ ವ್ಯಾನು ಹತ್ತಿ ಬಾಯಿ ತೆರೆದರೆ ಒಂಬತ್ತನೆಯ ತರಗತಿಯ ಐಶ್ವರ್ಯಾ ಎರಡೂ ಕಿವಿ ಮುಚ್ಚಿಕೊಂಡು, “ಮಗ್ಗ ಚಾಲೂ ಆತು, ಎಲ್ಲಾರೂ ಕಿವಿ ಮುಚ್ಚಕೋರಿ” ಅನ್ನುತ್ತಿದ್ದಳಂತೆ. ಅವಳ ಜೊತೆ ಅವಳದೇ ತರಗತಿಯ ಸ್ನೇಹಾ, ಎಂಟನೆಯ ತರಗತಿಯ ಕಾರ್ತಿಕ. ಮೊದಮೊದಲು ಭಾಗ್ಯಾಳೂ ನಕ್ಕಿದ್ದಳು, ಮನೆಗೆ ಬಂದು ನಮಗೇ ಅದನ್ನು ಮಾಡಿ ತೋರಿಸಿದ್ದಳು. ಮಹಾದೇವಿಯೂ ನಾನೂ ನಕ್ಕಿದ್ದೆವು. ಆಮೇಲೆ ಅವರು ಒಂದು ಕಾಯಿದೆ ಮಾಡಿದರು. ಅವಳ ದನಿ ಹಿಂದಿನ ಸೀಟಿನವರೆಗೆ ಕೇಳಿಸಿದರೆ ಪಕ್ಕದಲ್ಲಿದ್ದವರು ತೋಳು ಚಿವುಟಬೇಕು. ಒಂದು ರವಿವಾರ ತಲೆ ಬಾಚುವಾಗ ಮಹಾದೇವಿ ಅವಳ ಜಂಪರಿನ ತೋಳು ಸರಿದದ್ದು ನೋಡಿದಳು. ಮೊಣಕೈಯಿಂದ ಮೇಲಕ್ಕೆ ನೀಲಿ ಕಲೆಗಳು. ಕೆಲವು ಹಳದಿಗೆ ತಿರುಗಿದ್ದವು, ಅಂದರೆ ಹಳೆಯವು.

ಶಾಲೆಗೆ ಹೋದೆ. ಮುಖ್ಯಾಧ್ಯಾಪಕರು ಸಭ್ಯವಾಗಿ ಕೂರಿಸಿ, ವ್ಯಾನು ಗುತ್ತಿಗೆಯದು, ಗೇಟಿನ ಹೊರಗೆ ನಡೆದದ್ದಕ್ಕೆ ನಾವು ಏನೂ ಹೇಳಲಾಗದು ಅಂದರು. ಅದಕ್ಕೇ ಗುರುಪಾದಪ್ಪ ಮಾಸ್ತರರ ಮನೆಗೆ ಹೋದೆ. ಐಶ್ವರ್ಯಾ ಅವರ ಮೊಮ್ಮಗಳು. ಮಾಸ್ತರರು ಕನ್ನಡ ಶಾಲೆಯಿಂದ ನಿವೃತ್ತರಾಗಿದ್ದವರು, ಓಣಿಗೆಲ್ಲ ಹಿರಿಯರು. ಅವರು ಒಳ್ಳೆಯವರಾಗಿದ್ದರು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ನಡೆದದ್ದು ಕೆಟ್ಟವರಿಂದ ನಡೆದದ್ದಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿ ಅವರು ಕನ್ನಡಕ ತೆಗೆದಿಟ್ಟರು. ಮೊಮ್ಮಗಳನ್ನು ಕರೆದು ಕೇಳಿದರು. ಅವಳು ತಲೆ ತಗ್ಗಿಸಿ ನಿಂತಳು, ಇಲ್ಲ ಅನ್ನಲಿಲ್ಲ.

“ಹುಡುಗರ ಜಗಳ ಪೊಲೀಸರ ತನಕ ಒಯ್ಯೂದು ಬ್ಯಾಡ ತಮ್ಮಾ” ಅಂದರು. “ದಸರಾ ಬಂತು. ಎಲ್ಲಾರ ಮುಂದ ಬನ್ನಿ ಕೊಟ್ಟು ತಗೊಂಡು ಮುಗಿಸಿಬಿಡೂಣು. ಮುಂದ ಯಾರೂ ಆ ಮಾತು ತಗಿಯೂದಿಲ್ಲ.”

ನನಗೆ ಸಮಾಧಾನವಾಯಿತು. ನಮ್ಮ ಕಡೆ ಬನ್ನಿಯ ಎಲೆಗೆ ಎಷ್ಟು ಶಕ್ತಿಯಿದೆ ಎಂಬುದನ್ನು ನನ್ನ ಕೆಲಸದಲ್ಲೇ ಕಂಡಿದ್ದೇನೆ. ಬೀಳಗಿ ಕಡೆಯ ಒಂದು ಹಳ್ಳಿಯಲ್ಲಿ ಬದುವಿನ ಸಲುವಾಗಿ ಅಣ್ಣ ತಮ್ಮ ಕೊಡಲಿ ಎತ್ತಿದ್ದರು. ನಾನು ಕಲ್ಲು ನೆಟ್ಟು ಬಂದರೆ ರಾತ್ರಿ ಕಿತ್ತು ಹಾಕುತ್ತಿದ್ದರು. ಕೊನೆಗೆ ಒಂದು ದಸರೆಯಂದು ತಮ್ಮ ಬನ್ನಿ ಹಿಡಿದು ಅಣ್ಣನ ಕಾಲಿಗೆ ಬಿದ್ದ, ಬಂಗಾರದಂಗ ಇರೂಣು ಅಂದ, ಅಣ್ಣ ಅವನನ್ನು ಎತ್ತಿ ಅಪ್ಪಿಕೊಂಡ. ಆ ಕಲ್ಲು ಇವತ್ತಿಗೂ ಅಲ್ಲೇ ಇದೆ. ಬನ್ನಿ ತೆಗೆದುಕೊಂಡ ಮೇಲೆ ಹಳೆಯದನ್ನು ಎತ್ತಿದವನೇ ತಪ್ಪುಗಾರ. ಇದು ಎಲ್ಲಿಯೂ ಬರೆದಿಟ್ಟದ್ದಲ್ಲ, ಆದರೆ ಎಲ್ಲರಿಗೂ ಗೊತ್ತು. ಆ ಅಣ್ಣ ತಮ್ಮ ಇಬ್ಬರೂ ಬೆಳೆದವರು, ಇಬ್ಬರ ಕೈಯಲ್ಲೂ ಕೊಡಲಿ ಇತ್ತು, ಬಿಟ್ಟುಕೊಡಲು ಇಬ್ಬರ ಬಳಿಯೂ ಏನೋ ಇತ್ತು. ಭಾಗ್ಯಾಳ ಕೈಯಲ್ಲಿ ಏನಿತ್ತು ಎಂದು ನಮ್ಮಲ್ಲಿ ಯಾರೂ ಕೇಳಿಕೊಳ್ಳಲಿಲ್ಲ.

ಆ ಸಂಜೆ ಗುಡಿಯ ಮುಂದೆ ಓಣಿಯ ಬಹಳ ಜನ ಸೇರಿದ್ದರು, ಹೊಸ ಬಟ್ಟೆ, ಕೈತುಂಬ ಬನ್ನಿ. ಮಾಸ್ತರರು ಐಶ್ವರ್ಯಾ, ಸ್ನೇಹಾ, ಕಾರ್ತಿಕ ಮೂವರನ್ನೂ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಭಾಗ್ಯಾಳನ್ನೂ ಕರೆದರು. ಅವಳು ಮೆಟ್ಟಿಲು ಹತ್ತಿ ಹೋದಳು. ಮಾಸ್ತರರು ಅವಳ ತಲೆಯ ಮೇಲೆ ಕೈ ಇಟ್ಟು, ಬನ್ನಿಯ ಎಲೆಗಳನ್ನು ಅವಳ ಕೈಗೆ ಕೊಟ್ಟರು.

“ಸಣ್ಣಾಕಿ ಮೊದಲ ಕೊಡಬೇಕವಾ” ಅಂದರು.

ಅದೇ ಪದ್ಧತಿ. ಸಣ್ಣವರು ಬನ್ನಿ ಕೊಟ್ಟು ದೊಡ್ಡವರ ಕಾಲು ಮುಟ್ಟಬೇಕು, ದೊಡ್ಡವರು ತಿರುಗಿ ಕೊಟ್ಟು ಹರಸಬೇಕು. ಯಾವ ಮನೆಯಲ್ಲಾದರೂ ಹಾಗೇ. ನಾಲ್ವರಲ್ಲಿ ಸಣ್ಣವಳು ಭಾಗ್ಯಾ. ಅವಳು ಒಮ್ಮೆ ಮಹಾದೇವಿಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ ನನಗೆ ಗೊತ್ತಿಲ್ಲ. ಅವಳು ಬಗ್ಗಿದಳು. ಐಶ್ವರ್ಯಾಳ ಕಾಲು ಮುಟ್ಟಿದಳು, ಸ್ನೇಹಾಳ ಕಾಲು ಮುಟ್ಟಿದಳು. ಕಾರ್ತಿಕನ ಕಾಲು ಮುಟ್ಟಲು ಹೋದಾಗ ಅವನು ತುಸು ಹಿಂದೆ ಸರಿದ. ಅವಳು ಬಗ್ಗಿಕೊಂಡೇ ಮುಂದೆ ಸರಿದು ಮುಟ್ಟಿದಳು. ಚಿವುಟಿಸಿಕೊಂಡವಳು ಚಿವುಟಿದವರ ಕಾಲು ಹಿಡಿದಳು ಎಂದು ಆ ಕ್ಷಣ ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಒಬ್ಬ ಮುದುಕಿ ಕಣ್ಣು ಒರೆಸಿಕೊಂಡು, ಬಂಗಾರದಂಥಾ ಕೂಸು ಅಂದಳು. ನಾಲ್ಕಾರು ಜನ ಮೊಬೈಲಿನಲ್ಲಿ ಫೋಟೋ ತೆಗೆದರು. ಮನೆಗೆ ಬರುವಷ್ಟರಲ್ಲಿ ಆ ಫೋಟೋ ಬನಹಟ್ಟಿಗೆ ಮುಟ್ಟಿತ್ತು. ಬಸವರಾಜನ ತಮ್ಮಂದಿರು ಕೈಮುಗಿಯುವ ಚಿತ್ರಗಳನ್ನು ಕಳಿಸಿದ್ದರು.

ಆ ವರ್ಷ ಚಳಿ ಬೇಗ ಬಂತು. ಕಬ್ಬಿನ ಹಂಗಾಮು ಶುರುವಾಗಿ ಊರಿನ ಸುತ್ತಲಿನ ಗಾಳಿಯಲ್ಲಿ ಸುಟ್ಟ ರವದಿಯ, ಅಂದರೆ ಕಬ್ಬಿನ ಒಣಗರಿಯ, ವಾಸನೆ ತುಂಬಿತ್ತು. ಅಂಗಳದಲ್ಲಿ ಹಾಕಿದ ಬಿಳಿ ಬಟ್ಟೆಯ ಮೇಲೆ ಕರಿ ಬೂದಿ ಬಂದು ಕೂರುತ್ತಿತ್ತು. ಭಾಗ್ಯಾ ಸುಮ್ಮನಾಗುತ್ತಾ ಹೋದಳು. ಒಮ್ಮೆಲೇ ಅಲ್ಲ. ಮೊದಲು ಹೊರಗೆ ನಿಂತು ಕರೆಯುವುದು ಬಿಟ್ಟಳು, ಒಳಗೆ ಬಂದು ಹೇಳತೊಡಗಿದಳು. ಆಮೇಲೆ ಹತ್ತಿರ ಬಂದು ಹೇಳತೊಡಗಿದಳು. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವ ಅಭ್ಯಾಸವೊಂದು ಎಲ್ಲಿಂದಲೋ ಬಂತು.

ನಾವು ಅದನ್ನು ಹೊಗಳಿದೆವು. ಊರಿನ ಹುಡುಗೀರಂಗ ಛಲೋ ಮಾತಾಡಾಕತ್ಯಾಳ ಎಂದು ಮಹಾದೇವಿ ಫೋನಿನಲ್ಲಿ ಅಕ್ಕನಿಗೆ ಹೇಳಿದಳು. ತರಗತಿಯ ಟೀಚರು ಪಾಲಕರ ಸಭೆಯಲ್ಲಿ, ಈಗ ಶಿಸ್ತು ಬಂದಿದೆ ಅಂದರು. ನಾನೂ ಎಲ್ಲವೂ ಮುಗಿಯಿತು ಎಂದುಕೊಂಡೆ. ಅಕ್ಕ ಸಂಜೆ ಫೋನು ಮಾಡಿದರೆ ಹಿಂದೆ ಮಗ್ಗಗಳ ಸದ್ದು ಇರುತ್ತಿತ್ತು. ಭಾಗ್ಯಾ ಏನೋ ಹೇಳುವಳು. “ಕೇಳವಲ್ತು ಬೇ, ಜೋರಾಗಿ ಹೇಳು” ಎಂದು ಅಕ್ಕ ಕೂಗುವಳು. ಭಾಗ್ಯಾ ಫೋನನ್ನು ಮಹಾದೇವಿಯ ಕೈಗೆ ಕೊಟ್ಟು ಒಳಗೆ ಹೋಗುವಳು. ಓದಿನ ಚಿಂತೆ ಇರಬೇಕು ಎಂದು ಅಕ್ಕನೂ ಸುಮ್ಮನಾದಳು.

ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ನಾನು ಕಚೇರಿಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಮಾತಾಡಿದವನು ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ರಬಕವಿ ರಸ್ತೆಯಲ್ಲಿ ಶಾಲೆಯ ಸಮವಸ್ತ್ರದ ಒಬ್ಬ ಹುಡುಗಿ ಒಂಟಿಯಾಗಿ ನಡೆದು ಹೋಗುತ್ತಿದ್ದಾಳೆ, ಕೊರಳಲ್ಲಿ ಹಾಕಿಕೊಂಡ ಕಾರ್ಡಿನ ಮೇಲೆ ನಿಮ್ಮ ನಂಬರು ಇದೆ, ಲಗೂನ ಬರ್ರಿ ಅಂದ. ಹಂಗಾಮಿನಲ್ಲಿ ಆ ರಸ್ತೆ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು, ಎಲ್ಲದರಲ್ಲೂ ದೊಡ್ಡ ಸದ್ದಿನಲ್ಲಿ ಹಾಡು. ಹಿಂದೆ ಏನು ಬರುತ್ತಿದೆ ಎಂದು ಓಡಿಸುವವನಿಗೇ ಕಾಣುವುದಿಲ್ಲ. ಮೋಟಾರ್‌ಸೈಕಲ್ ತೆಗೆದುಕೊಂಡು ಅದೇ ಗಳಿಗೆ ಹೊರಟೆ.

ಅವನು ತನ್ನ ಟ್ರ್ಯಾಕ್ಟರನ್ನು ರಸ್ತೆಯ ಪಕ್ಕಕ್ಕೆ ಹಾಕಿ, ಹಾಡು ಬಂದ್ ಮಾಡಿ, ಅವಳಿಗೂ ರಸ್ತೆಗೂ ನಡುವೆ ನಿಂತಿದ್ದ. ಅವಳು ಒಂದು ಕಲ್ಲಿನ ಮೇಲೆ ಕೂತಿದ್ದಳು. ಅವನು ಸುಲಿದು ಕೊಟ್ಟ ಕಬ್ಬಿನ ತುಂಡು ಕೈಯಲ್ಲಿತ್ತು, ತಿಂದಿರಲಿಲ್ಲ. ಎಲ್ಲಿಗೆ ಹೊಂಟಿ ಎಂದು ಕೇಳಿದರೆ ಬನಹಟ್ಟಿಗೆ ಅನ್ನುತ್ತಾಳೆ, ಯಾಕೆ ಎಂದರೆ ಬಾಯಿ ಬಿಡುವುದಿಲ್ಲ ಅಂದ. ನನಗೆ ಬೈಯಬೇಕು ಅಂತ ಅವನಿಗೆ ಅನಿಸಿತ್ತೇನೋ, ಬೈಯದೆ ಹೊರಟುಹೋದ. ಅವನ ಹೆಸರು ಕೇಳುವುದು ಆ ಗಡಿಬಿಡಿಯಲ್ಲಿ ಉಳಿದುಹೋಯಿತು.

ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಏನಾತವ್ವಾ ಅಂದೆ. ಅವಳು ಏನೋ ಅಂದಳು, ಹಾದುಹೋಗುವ ಟ್ರ್ಯಾಕ್ಟರಿನ ಸದ್ದಿನಲ್ಲಿ ಕೇಳಲಿಲ್ಲ. ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ದೆ. ಆಗ ನಿಧಾನವಾಗಿ ಎಲ್ಲವೂ ಬಂತು. ದಸರೆಯ ಸೂಟಿ ಮುಗಿದು ವ್ಯಾನು ಹತ್ತಿದ ಮೊದಲ ದಿನವೇ ಮತ್ತೆ ಶುರುವಾಗಿತ್ತು. ಈ ಸಲ ಚಿವುಟುವುದಿಲ್ಲ, ಚಿವುಟಿದರೆ ಕಲೆ ಬೀಳುತ್ತದೆ. ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡಬೇಕು. ಕೈ ತೆಗೆದರೆ ಅವಳ ಡಬ್ಬಿಯ ಊಟ ಕಿಟಕಿಯಿಂದ ಹೊರಗೆ. ಆ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ, ಕಾಲ ಹಿಡದಾಕಿ ಎಂದು ಕರೆಯುತ್ತಿದ್ದರು. ಆವತ್ತು ಬೆಳಿಗ್ಗೆ ಅವರು ವ್ಯಾನಿನಲ್ಲಿ ಅವಳನ್ನು ಮತ್ತೆ ಬಗ್ಗಿಸಿದ್ದರು, ಹೊಸದಾಗಿ ಸೇರಿದ ಒಬ್ಬ ಹುಡುಗಿಗೆ ತೋರಿಸುವುದಕ್ಕೆ. ಶಾಲೆಯ ಗೇಟಿನಲ್ಲಿ ಇಳಿದವಳು ಒಳಗೆ ಹೋಗದೆ ನಡೆಯತೊಡಗಿದ್ದಳು.

ನಮಗ ಯಾಕ ಹೇಳಲಿಲ್ಲ ಎಂದು ಕೇಳಿದೆ.

“ಬನ್ನಿ ತಗೊಂಡೇನಲ್ಲ ಮಾಮಾ” ಅಂದಳು. “ತಗೊಂಡ ಮ್ಯಾಲ ಹೇಳಬಾರದಲ್ಲ. ಹೇಳಿದ್ರ ನಂದ ತಪ್ಪ ಆಗತೈತಿ.”

ಅಷ್ಟು ತಿಂಗಳು ಅವಳು ನಮ್ಮ ಪದ್ಧತಿಯನ್ನು ಪಾಲಿಸುತ್ತಿದ್ದಳು. ಅದನ್ನು ಪಾಲಿಸಿದವಳು ಅವಳೊಬ್ಬಳೇ.

ಅಂದು ಸಂಜೆಯೇ ಅಕ್ಕನೂ ಬಸವರಾಜನೂ ಬಂದರು. ಅಕ್ಕ ನನ್ನನ್ನು ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತು. ಗದ್ದಲದಾಗಿಂದ ದೂರ ಇರಲಿ ಅಂತ ಕಳಿಸಿದ್ನಿ ತಮ್ಮಾ ಎಂದಷ್ಟೇ ಅಂದಳು. ಬಸವರಾಜ ಮಗಳನ್ನು ಮರುದಿನವೇ ಬನಹಟ್ಟಿಗೆ ಕರೆದೊಯ್ದು ಅಲ್ಲಿಯ ಶಾಲೆಗೇ ಹಾಕುತ್ತೇನೆ ಅಂದ. ಭಾಗ್ಯಾ ತಲೆ ಅಲ್ಲಾಡಿಸಿದಳು. ಆ ಫೋಟೋ ಅಲ್ಲಿಯೂ ಎಲ್ಲರ ಫೋನಿನಲ್ಲಿದೆ, ಚಿಕ್ಕಪ್ಪನ ಮಕ್ಕಳೂ ನೋಡಿದ್ದಾರೆ. ಅದನ್ನು ಯಾರೂ ನೋಡಿರದ ಶಾಲೆಗೆ ಹಾಕಿ ಎಂದು ಅಪ್ಪನ ಕಿವಿಯಲ್ಲಿ ಹೇಳಿದಳು. ನಾನು ಅಂಥ ಶಾಲೆ ಹುಡುಕತೊಡಗಿದೆ.

ಅಳತೆಯ ಕೆಲಸಕ್ಕೆ ನಾನು ಎಲ್ಲ ಕಡೆ ತಿರುಗುವವನು. ಕೆಲಸ ಮುಗಿದ ಮೇಲೆ ಹತ್ತಿರದ ಶಾಲೆಗೆ ಹೋಗುತ್ತಿದ್ದೆ. ಮುಧೋಳದ ಒಂದು ದೊಡ್ಡ ಶಾಲೆಯಲ್ಲಿ ವ್ಯವಸ್ಥಾಪಕರು ನನ್ನನ್ನು ಒಂದು ಟೀವಿಯ ಮುಂದೆ ಕೂರಿಸಿದರು. ಮೂಲೆಮೂಲೆಗೂ ಕ್ಯಾಮೆರಾ ಇವೆ, ಏನು ನಡೆದರೂ ಇಲ್ಲಿ ಕಾಣುತ್ತದೆ ಎಂದು ವಿವರಿಸಿದರು. ಅವರು ಹೇಳುತ್ತಿದ್ದ ಹಾಗೆಯೇ ಪರದೆಯ ಕೆಳಗಿನ ಮೂಲೆಯಲ್ಲಿ ಇಬ್ಬರು ಹುಡುಗರು ಮೂರನೆಯವನ ಪಾಟಿಚೀಲವನ್ನು ನೀರಿನ ತೊಟ್ಟಿಯ ಹಿಂದೆ ಎಸೆದರು. ವ್ಯವಸ್ಥಾಪಕರು ನನ್ನ ಕಡೆ ತಿರುಗಿ ಮಾತಾಡುತ್ತಲೇ ಇದ್ದರು. ಬೀಳಗಿ ಕಡೆಯ ಒಂದು ವಸತಿ ಶಾಲೆಯಲ್ಲಿ, ನಮ್ಮಲ್ಲಿ ಹುಡುಗರು ಪಿಟ್ಟನ್ನುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಅಂಗಳದಲ್ಲಿ ಅಷ್ಟು ಮಕ್ಕಳಿದ್ದೂ ಸದ್ದಿರಲಿಲ್ಲ. ಅಲ್ಲಿ ನನಗೆ ನಿಲ್ಲಲಾಗಲಿಲ್ಲ. ಮಹಾಲಿಂಗಪುರದಲ್ಲಿ ಒಬ್ಬರು, ನಡುವರ್ಷದಲ್ಲಿ ಶಾಲೆ ಬದಲಿಸುತ್ತೀರಿ ಅಂದರೆ ಹುಡುಗಿಯದೇ ಏನೋ ಇರಬೇಕು ಎಂದು ಅವಳ ಕಡೆ ನೋಡದೆ ನನ್ನನ್ನು ಕೇಳಿದರು. ಭಾಗ್ಯಾ ನನ್ನ ಪಕ್ಕದಲ್ಲೇ ಕೂತಿದ್ದಳು. ಎಲ್ಲ ಕಡೆಯೂ ಹೇಳಿದ ಒಂದು ಮಾತು ಮಾತ್ರ ಒಂದೇ: ಅಂಥದ್ದು ನಮ್ಮಲ್ಲಿ ಇಲ್ಲ.

ಕೃಷ್ಣೆಯ ದಂಡೆಯಲ್ಲಿ, ಚಿಕ್ಕಪಡಸಲಗಿಯಿಂದ ಮುಂದೆ, ಒಂದು ಹಳ್ಳಿಯಿದೆ. ಅದರ ಹೆಸರನ್ನೂ ಬರೆಯುವುದಿಲ್ಲ. ಹೊಳೆಯ ಪಕ್ಕದ ಹೊಲ ಅಳೆಯಲು ಹೋದಾಗ ಊರ ಸರಕಾರಿ ಶಾಲೆಯ ಅಂಗಳದಲ್ಲಿ ಮಕ್ಕಳು ಬಿಸಿಯೂಟಕ್ಕೆ ಕೂತಿದ್ದರು. ಅವರ ಸಾಲಿನ ನಡುವೆ ನೆಲದ ಮೇಲೆಯೇ ಒಬ್ಬ ಹೆಂಗಸು ತಟ್ಟೆ ಹಿಡಿದು ಕೂತಿದ್ದರು. ಅವರೇ ಮುಖ್ಯಾಧ್ಯಾಪಕಿ, ರೇಣುಕಾ ಅಕ್ಕಾರು; ನಮ್ಮ ಕಡೆ ಟೀಚರಮ್ಮನಿಗೆ ಅಕ್ಕಾರು ಅನ್ನುತ್ತಾರೆ. ನಾನು ಹತ್ತಿರ ಹೋಗಿ ಭಾಗ್ಯಾಳ ವಿಷಯ ಹೇಳಿ, ಇಲ್ಲಿ ಹುಡುಗರು ಹೀಗೆ ಕಾಡುವುದು ಉಂಟೇ ಎಂದು ಕೇಳಿದೆ.

“ಐತ್ರಿ” ಅಂದರು. “ಎಲ್ಲಿ ಹುಡುಗರು ಅದಾರ ಅಲ್ಲಿ ಇರತೈತಿ. ಇಲ್ಲ ಅಂದ್ರ ನಾ ನಿಮಗ ಸುಳ್ಳ ಹೇಳಿದಂಗ. ಆದ್ರ ನಮಗ ಗೊತ್ತಾಗತೈತಿ.”

ಹೇಗೆ ಎಂದು ಕೇಳಿದೆ. ಅವರು ಸಾಲಿನ ಕಡೆ ಕೈ ತೋರಿಸಿದರು. ಊಟಕ್ಕೆ ಕೂರುವಾಗ ಯಾರ ಪಕ್ಕದಿಂದ ಯಾರು ಎದ್ದು ಸರಿದರು ಎಂದು ದಿನಾ ನೋಡುತ್ತಾರಂತೆ. ಮಕ್ಕಳು ಬಾಯಿಂದ ಹೇಳುವುದಕ್ಕಿಂತ ಮೊದಲೇ ಅದು ಅಲ್ಲಿ ಕಾಣುತ್ತದೆ ಅಂದರು. ಕಂಡ ಮೇಲೆ ಏನು ಮಾಡುತ್ತೀರಿ, ರಾಜಿ ಮಾಡಿಸುತ್ತೀರಾ ಎಂದು ಕೇಳಿದೆ. ನನ್ನ ದನಿಯಲ್ಲಿ ಏನೋ ಇದ್ದಿರಬೇಕು, ಅವರು ತಟ್ಟೆ ಕೆಳಗಿಟ್ಟು ನನ್ನನ್ನು ನೋಡಿದರು. “ರಾಜಿ ಮಾಡ್ಸಂಗಿಲ್ರಿ. ಮೊದಲ ದೂರ ಕುಂದ್ರಸ್ತೇನಿ. ಬಡದವರ ಮನಿಗೆ ನಾ ಹೋಗತೇನಿ. ರಾಜಿ ಬೇಕಂದ್ರ ಮುಂದ ಅವರ ಮಾಡ್ಕೋತಾರ, ಬ್ಯಾಡಂದ್ರ ಇಲ್ಲ.”

ಹಳೆಯ ಶಾಲೆಯಲ್ಲಿ ವರ್ಗಾವಣೆ ಪತ್ರ ಕೊಡುವಾಗ ಮುಖ್ಯಾಧ್ಯಾಪಕರು, ದಸರೆಯಲ್ಲೇ ಮುಗಿದಿತ್ತಲ್ಲ ಎಂದು ಆಶ್ಚರ್ಯಪಟ್ಟರು. ಅವರೂ ಆ ಫೋಟೋ ನೋಡಿದ್ದರು.

ಸಂಕ್ರಾಂತಿಯ ಮರುವಾರದಿಂದ ಭಾಗ್ಯಾ ಬೆಳಗಿನ ಬಸ್ಸಿಗೆ ಆ ಹಳ್ಳಿಗೆ ಹೋಗತೊಡಗಿದಳು. ಮೊದಲು ಕೆಲವು ವಾರ ಮಹಾದೇವಿ ಜೊತೆಗೆ ಹೋಗಿ, ಶಾಲೆಯ ಎದುರಿನ ಮನೆಯೊಂದರ ಕಟ್ಟೆಯ ಮೇಲೆ ಸಂಜೆವರೆಗೆ ಕೂತು ಬರುತ್ತಿದ್ದಳು. ರೇಣುಕಾ ಅಕ್ಕಾರು ಒಂದು ದಿನ ಅವಳ ಬಳಿ ಬಂದು, ನೀವು ನಾಳೆಯಿಂದ ಬರಬೇಕಿಲ್ಲ, ನಾನು ನೋಡುತ್ತೇನೆ ಅಂದರಂತೆ. ಶಾಲೆ ಸುರಕ್ಷಿತವಾಗಿತ್ತು. ಭಾಗ್ಯಾಳಿಗೆ ಹೊಳೆಯಿಂದ ಮೀನು ಹಿಡಿಯುವವರ ಮಗಳೊಬ್ಬಳು ಗೆಳತಿಯಾದಳು. ಭಾಗ್ಯಾ ಮತ್ತೆ ಉಂಡಳು, ಮತ್ತೆ ನಕ್ಕಳು. ಬಾಯಿಗೆ ಅಡ್ಡ ಹಿಡಿಯುವ ಕೈ ಬೇಸಿಗೆಯ ಹೊತ್ತಿಗೆ ಕೆಳಗಿಳಿಯಿತು. ದನಿ ಮಾತ್ರ ತಿರುಗಿ ಬರಲಿಲ್ಲ.

ಗುರುಪಾದಪ್ಪ ಮಾಸ್ತರರಿಗೆ ವಿಷಯ ತಿಳಿದದ್ದು ವ್ಯಾನಿನ ಡ್ರೈವರನಿಂದ. ಒಂದು ಸಂಜೆ ಕೋಲು ಊರುತ್ತ ನಮ್ಮ ಮನೆಗೆ ಬಂದರು. ಚಹಾ ಬೇಡ ಅಂದರು. ತಾವು ನೂರಾರು ಮಕ್ಕಳಿಗೆ ಕಲಿಸಿದವರು, ಮೊಮ್ಮಗಳನ್ನು ತಾವೇ ಬೆಳೆಸಿದವರು ಎಂದೆಲ್ಲ ಹೇಳಲು ಶುರುಮಾಡಿ ನಡುವೆ ನಿಲ್ಲಿಸಿದರು. “ಸಣ್ಣಾಕಿ ಮೊದಲ ಅಂತ ನಾ ಯಾಕ ಅಂದ್ನೋ ತಮ್ಮಾ” ಅಂದರು. ಅದಕ್ಕೆ ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು: ಹಾಗೆ ಅನ್ನುವುದು ರೂಢಿ, ಅದಕ್ಕೇ ಅಂದಿದ್ದರು. ಹುಡುಗಿಯನ್ನು ಒಮ್ಮೆ ನೋಡಬೇಕು ಅಂದರು. ಮಹಾದೇವಿ ಒಳಗೆ ಹೋಗಿ ಬಂದು, ಮಲಗ್ಯಾಳರಿ ಅಂದಳು. ದೀಪ ಹಚ್ಚುವ ಹೊತ್ತು ಅದು, ಆ ಹೊತ್ತಿಗೆ ಯಾವ ಮನೆಯಲ್ಲೂ ಮಕ್ಕಳನ್ನು ಮಲಗಗೊಡುವುದಿಲ್ಲ. ಮಾಸ್ತರರು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದರು. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು.

ಈಗ ಭಾಗ್ಯಾ ಮುಧೋಳದಲ್ಲಿ ಪಿಯುಸಿ ಓದುತ್ತಿದ್ದಾಳೆ. ಒಳ್ಳೆಯ ಅಂಕ ತೆಗೆದಿದ್ದಾಳೆ. ಅವಳು ಮೆಲುಮಾತಿನ ಹುಡುಗಿ ಎಂದು ಹಾಸ್ಟೆಲಿನಲ್ಲಿ ಎಲ್ಲರಿಗೂ ಇಷ್ಟ. ಅವಳು ಹುಟ್ಟಿನಿಂದಲೇ ಹೀಗೆ ಎಂದು ಅಲ್ಲಿಯವರು ತಿಳಿದಿದ್ದಾರೆ. ಹೋದ ಯುಗಾದಿಗೆ ನಾನು ಬನಹಟ್ಟಿಗೆ ಹೋಗಿದ್ದೆ. ಭಾಗ್ಯಾ ಪಡಸಾಲೆಯ ಬಾಗಿಲಿಗೆ ಬಂದು ನಿಂತು ಅಪ್ಪನಿಗೆ ಏನೋ ಹೇಳಿದಳು. ಬಸವರಾಜನಿಗೆ ಕೇಳಿಸಲಿಲ್ಲ, ಅವಳ ತುಟಿ ಆಡಿದ್ದಷ್ಟೇ ಕಂಡಿತು. ಅವನು ತನ್ನ ಮಗ್ಗ ನಿಲ್ಲಿಸಿದ, ಆಮೇಲೆ ಪಕ್ಕದ್ದು, ಆಮೇಲೆ ಉಳಿದವು. ಆ ಮನೆ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಅವಳು ಉಣ್ಣಾಕ ಬಾ ಅಂದಳು.

ಕಟ್ಟೆಯ ಅಳತೆಗೆ ಹೋದ ದಿನವೇ, ತಿರುಗಿ ಬರುವಾಗ ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಐಶ್ವರ್ಯಾ ಸಿಕ್ಕಳು. ಈಗ ವಿಜಯಪುರದಲ್ಲಿ ಡಿಗ್ರಿ ಓದುತ್ತಿದ್ದಾಳೆ. ತಪ್ಪಿಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಭಾಗ್ಯಾ ಹೆಂಗದಾಳ್ರಿ ಎಂದು ಕೇಳಿದಳು. ಚೆನ್ನಾಗಿದ್ದಾಳೆ ಅಂದೆ. ಬಸ್ಸಿನ ಬೋರ್ಡು ನೋಡುತ್ತ ಅವಳೇ ಹೇಳಿದಳು.

“ಅಜ್ಜಾರು ಎಲ್ಲಾರ ಮುಂದ ನಿಲ್ಲಿಸಿದ್ರಲ್ಲರಿ, ನಂಗ ಭಾಳ ಸಿಟ್ಟ ಬಂದಿತ್ತು. ಅಕಿ ಬಂದು ಕಾಲ ಮುಟ್ಟಿದ್ಲು. ಅಳಲೂ ಇಲ್ಲ. ಆವಾಗಂತೂ ಆ ಸಿಟ್ಟು ಎಲ್ಲಾ ಅಕಿ ಮ್ಯಾಲ ಹೋತು. ಯಾಕಂತ ನಂಗ ಇನ್ನೂ ತಿಳಿದಿಲ್ರಿ.” ಭಾಗ್ಯಾಗ ಹೇಳ್ರಿ ಎಂದು ಶುರುಮಾಡಿ, ಏನು ಹೇಳಬೇಕೆಂದು ಹೇಳದೆ ನಿಂತಳು. ಬಸ್ಸು ಬಂತು, ಹತ್ತಿ ಹೋದಳು. ನಾನು ಅದನ್ನು ಭಾಗ್ಯಾಳಿಗೆ ಹೇಳಿಲ್ಲ. ಅರ್ಧ ಮಾತನ್ನು ಮುಟ್ಟಿಸುವುದು ಹೇಗೆ ಎಂದು ತಿಳಿಯಲಿಲ್ಲ, ಮತ್ತು ರೇಣುಕಾ ಅಕ್ಕಾರು ಹೇಳಿದ್ದು ನೆನಪಿತ್ತು: ರಾಜಿ ಬೇಕಾದರೆ ಅವರೇ ಮಾಡಿಕೊಳ್ಳುತ್ತಾರೆ.

ಕಟ್ಟೆ ಇನ್ನು ಸ್ವಲ್ಪ ದಿನದಲ್ಲಿ ಹೋಗುತ್ತದೆ. ಆದ್ದರಿಂದ ಇಷ್ಟನ್ನು ಬರೆದಿಡುತ್ತಿದ್ದೇನೆ. ಆ ಸಂಜೆ ಅಲ್ಲಿದ್ದವರಲ್ಲಿ ಮಾಸ್ತರರು ಇಲ್ಲ. ಬಂಗಾರದಂಥಾ ಕೂಸು ಅಂದ ಮುದುಕಿಯೂ ಇಲ್ಲ. ನನ್ನ ಬಲಗಡೆ ನಿಂತಿದ್ದ ಮಹಾದೇವಿ ಇದ್ದಾಳೆ, ಈ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾಳೆ. ಐಶ್ವರ್ಯಾ ಇದ್ದಾಳೆ. ಸ್ನೇಹಾಳ ಮದುವೆಯಾಗಿದೆ, ರಬಕವಿಯಲ್ಲಿದ್ದಾಳೆ. ಕಾರ್ತಿಕ ಇಲ್ಲೇ ಅಪ್ಪನ ಅಂಗಡಿಯಲ್ಲಿ ಕೂರುತ್ತಾನೆ, ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ನಾನಿದ್ದೇನೆ. ನಾವು ಇಷ್ಟು ಜನ ಅದನ್ನು ಕಣ್ಣಾರೆ ಕಂಡವರು.

ಭಾಗ್ಯಾಳೂ ಇದ್ದಾಳೆ. ಆದರೆ ಕಂಡವರ ಜೊತೆ ಅವಳ ಹೆಸರು ಬರೆಯಲಾಗದು. ನಾವೆಲ್ಲ ಅವಳ ಕಡೆ ನೋಡುತ್ತಿದ್ದಾಗ ಅವಳ ತಲೆ ಕೆಳಗಿತ್ತು. ಅವಳು ನೋಡಿದ್ದು ಕಾಲುಗಳನ್ನಷ್ಟೇ.